ಕೊನೆಗೂ ಆನೆ ಸೊಂಡಿಲು ಎತ್ತಿತು

ಹ್ಯಾಲೋವೀನ್‌ಗೆ ನಾಲ್ಕೇ ದಿನ ಬಾಕಿ ಇದ್ದಾಗಲೂ ಮಗನ ವೇಷಕ್ಕೆ ಕಟ್ಟಿದ ನಮ್ಮ ದಸರಾ ಆನೆ ಸೊಂಡಿಲಿನಲ್ಲಿ ಗ್ಯಾರೇಜಿನ ನೆಲ ಒರೆಸುತ್ತಿತ್ತು. ಈಗ ಒರೆಸುತ್ತಿಲ್ಲ. ಅದನ್ನೇ ಬರೆಯೋಣ ಅಂತ ಕೂತೆ.

ನ್ಯೂಜೆರ್ಸಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಅಂಗಡಿಯ ವೇಷ ಕೊಂಡಿಲ್ಲ. ಹ್ಯಾಲೋವೀನ್ ಅಂದರೆ ಇಲ್ಲಿ ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗಿ ಸಿಹಿ ಕೇಳುವ ಹಬ್ಬ. ಅದು ಅಕ್ಟೋಬರ್ 31, ರಾಜ್ಯೋತ್ಸವ ನವೆಂಬರ್ 1. ಒಂದೇ ವೇಷ ಎರಡೂ ಕಡೆ ನಡೆಯಬೇಕು ಅನ್ನೋದು ನನ್ನ ಜಿಪುಣ ನಿಯಮ. 2019ರಲ್ಲಿ ಮಗಳು ಮಸಾಲೆ ದೋಸೆ ಆಗಿದ್ದಳು. ಹಳದಿ ಫೆಲ್ಟ್ ಬಟ್ಟೆ, ಅಂಚಿಗೆ ಕಂದು ಬಣ್ಣ, ಹೊಟ್ಟೆಯ ಮೇಲೆ ಸ್ಪಂಜಿನ ಪಲ್ಯ. ಬೀದಿಯಲ್ಲಿ ಎಲ್ಲರೂ ‘ಎಷ್ಟು ಚೆಂದದ ಟ್ಯಾಕೊ’ (ಮೆಕ್ಸಿಕೊದವರ ಮಡಿಚಿದ ರೊಟ್ಟಿ) ಅಂದರು. ಅವಳು ಪ್ರತಿ ಮನೆಯಲ್ಲೂ ನಿಂತು ಚಟ್ನಿಯ ಬಗ್ಗೆ ಪಾಠ ಮಾಡಿದಳು. 2022ರ ಹಸಿರು-ಹಳದಿ ಆಟೋ ಇನ್ನೂ ನನಗೆ ಪ್ರೀತಿ. ಫ್ರಿಜ್ ಡಬ್ಬದ ರಟ್ಟು, ಮೂರು ಪೇಪರ್ ತಟ್ಟೆ ಚಕ್ರ. ಅಳತೆ ತೆಗೆದದ್ದು ಸೆಪ್ಟೆಂಬರಿನ ಟೀ ಶರ್ಟಿನ ಮೇಲೆ. ಆ ರಾತ್ರಿ ಒಳಗೆ ಜಾಕೆಟ್ ಹಾಕಿದ ಮೇಲೆ ಆಟೋ ಎದೆಯಿಂದ ಕೆಳಗೆ ಇಳಿಯಲೇ ಇಲ್ಲ. ಅಮೆರಿಕದಲ್ಲಿ ವೇಷ ಹೊಲಿಯುವವರೆಲ್ಲ ಈ ತಪ್ಪನ್ನು ಒಮ್ಮೆಯಾದರೂ ಮಾಡಿರ್ತಾರೆ, ಅಲ್ವಾ?

ಈ ವರ್ಷ ಏಳು ವರ್ಷದ ಮಗನಿಗೆ ಅಂಬಾರಿ ಆನೆ. ಕೀಲು ಕುದುರೆಯ ಲೆಕ್ಕವೇ. ಮಧ್ಯದ ತೂತಿನಲ್ಲಿ ಹುಡುಗ ನಿಲ್ಲೋದು, ಸುತ್ತ ಆನೆಯ ಮೈ, ಹೆಗಲಿಗೆ ಅಡ್ಡ ಪಟ್ಟಿ. ಅರ್ಧ ಇಂಚಿನ ಪಿವಿಸಿ ಪೈಪಿನ ಚೌಕಟ್ಟು, ಮೇಲೆ ರಟ್ಟು. ಸೊಂಡಿಲಿಗೆ ಬಟ್ಟೆ ಒಣಗಿಸುವ ಮೆಷಿನ್ನಿನ ನಾಲ್ಕು ಇಂಚಿನ ಪೈಪು, ನಡೆದರೆ ತಾನಾಗಿಯೇ ತೂಗುತ್ತದೆ. ಫೋಮಿನ ಕಥೆ ಕೇಳಬೇಡಿ. ತರಿಸಿದ್ದು ಆರು ಮಿಲಿಮೀಟರಿನ ಬೂದು ಬಣ್ಣದ್ದು, ಬಂದದ್ದು ಎರಡು ಮಿಲಿಮೀಟರಿನ ತಿಳಿ ನೇರಳೆ. ಅದೂ ಸುರುಳಿ ಸುತ್ತಿಕೊಂಡು, ಹಪ್ಪಳದ ಹಾಗೆ. ವಾಪಸ್ ಕಳಿಸುವ ಖರ್ಚು ನಮ್ಮದೇ ಅಂತೆ. ನೇರಳೆ ಫೋಮನ್ನೇ ಅಂಬಾರಿಗೆ ಬಳಸಿ ಮೇಲೆ ಚಿನ್ನದ ಬಣ್ಣ ಬಳಿದೆ. ಮೈಸೂರಿನ ಅಂಬಾರಿ 750 ಕಿಲೋ. ನಮ್ಮದು 600 ಗ್ರಾಂ.

ತೊಂದರೆ ಇದ್ದದ್ದು ತಲೆಯಲ್ಲಿ. ತಲೆ, ಸೊಂಡಿಲು ಸೇರಿ 900 ಗ್ರಾಂ ಅಷ್ಟೇ. ಆದರೆ ಅದು ಹುಡುಗನಿಂದ 55 ಸೆಂಟಿಮೀಟರ್ ಮುಂದೆ ನೇತಾಡುತ್ತಿತ್ತು. ಹೆಜ್ಜೆ ಇಟ್ಟರೆ ಸಾಕು, ಆನೆ ಮುಗ್ಗರಿಸಿ ಮೂಗು ನೆಲಕ್ಕೆ. ಪಟ್ಟಿ ಬಿಗಿ ಮಾಡಿದೆ, ಕುತ್ತಿಗೆ ಉಜ್ಜಿತು. ಮೀನಿನ ಗಾಳದ ದಾರದಲ್ಲಿ ತಲೆಯನ್ನು ಹಿಂದಕ್ಕೆ ಎಳೆದು ಕಟ್ಟಿದೆ, ಚೌಕಟ್ಟೇ ಬಿಲ್ಲಿನಂತೆ ಬಾಗಿತು. ಆಮೇಲೆ ಏತದ ಲೆಕ್ಕ ಹಾಕಿ ಬಾಲದ ಕಡೆ ಎರಡು ಕಿಲೋ ಸೋನಾ ಮಸೂರಿ ಇಟ್ಟೆ. ಆನೆ ನೆಟ್ಟಗೆ ನಿಂತಿತು! ಹುಡುಗ ಎರಡು ನಿಮಿಷ ನಿಂತು, ‘ಅಮ್ಮಾ, ನಾನು ದಿನಸಿ ಅಂಗಡಿನಾ?’ ಅಂದ.

ಆ ರಾತ್ರಿ ವಿಡಿಯೊ ಕಾಲಿನಲ್ಲಿ ನನ್ನ ಅಮ್ಮ ಆನೆಯನ್ನು ನೋಡಿದಳು. ಅವಳ ಕಣ್ಣಿಗೆ ಭೌತಶಾಸ್ತ್ರ ಬೀಳಲಿಲ್ಲ. ‘ಅಲ್ವೇ, ಅಂಬಾರಿಯೊಳಗೆ ಇವನ್ಯಾಕೆ? ಅಲ್ಲಿ ಕೂರೋದು ಚಾಮುಂಡಿ ತಾಯಿ. ಇವನನ್ನು ಮಾವುತ ಮಾಡು.’

ಮಾವುತ ಎಲ್ಲಿ ಕೂರ್ತಾನೆ? ಕುತ್ತಿಗೆ ಮೇಲೆ!

ಫೋನ್ ಇಟ್ಟು ಸೀದಾ ಗ್ಯಾರೇಜಿಗೆ ಹೋದೆ. ಹುಡುಗ ನಿಲ್ಲುವ ತೂತನ್ನು 25 ಸೆಂಟಿಮೀಟರ್ ಮುಂದಕ್ಕೆ ಕೊರೆದೆ. ಹಳೆ ತೂತಿಗೆ ರಟ್ಟು ಮುಚ್ಚಿ, ಅಂಬಾರಿಯನ್ನು ಅವನ ಬೆನ್ನ ಹಿಂದೆ 40 ಸೆಂಟಿಮೀಟರಿಗೆ ಕೂರಿಸಿದೆ. ತಲೆ ಈಗ 30 ಸೆಂಟಿಮೀಟರ್ ಮಾತ್ರ ಮುಂದೆ. ಏತದ ಲೆಕ್ಕದಲ್ಲಿ ತೂಕವನ್ನು ದೂರದಿಂದ ಗುಣಿಸಬೇಕು. ತಲೆ 900 ಸಲ 30, ಅಂದರೆ 27,000. ಅಂಬಾರಿ 600 ಸಲ 40, ಅಂದರೆ 24,000. ಉಳಿದ ಚೂರನ್ನು ಆನೆಯ ಹಿಂಭಾಗವೇ ಸರಿದೂಗಿಸಿತು. ಅಕ್ಕಿ ಡಬ್ಬಕ್ಕೆ ವಾಪಸ್. ಮೂರು ವಾರ ನಾನು ಗುದ್ದಾಡಿದ್ದನ್ನು ಅಮ್ಮ ಒಂದು ಗದರಿಕೆಯಲ್ಲಿ ಮುಗಿಸಿದಳು.

ಬಿಸಿ ಅಂಟು ನಂಬಿದವರಿಗೆ ಒಂದು ಮಾತು. ಚಳಿಯಲ್ಲಿ ಅದು ಗಾಜಿನಂತೆ ಆಗುತ್ತದೆ, ನುಣುಪಾದ ಪಿವಿಸಿಯನ್ನು ಹಿಡಿದುಕೊಳ್ಳಲ್ಲ. ಹ್ಯಾಲೋವೀನ್ ರಾತ್ರಿ ಮೂರನೇ ಮನೆಯ ಮೆಟ್ಟಿಲಲ್ಲಿ ಆನೆಯ ಎಡಗಿವಿ ಟಪ್ ಅಂತ ಬಿತ್ತು. ಪೈಪನ್ನು ಮರಳು ಕಾಗದದಲ್ಲಿ ಉಜ್ಜಿ ಕಾಂಟ್ಯಾಕ್ಟ್ ಸಿಮೆಂಟ್ ಅನ್ನೋ ಅಂಟು ಹಚ್ಚಬೇಕಿತ್ತು. ಗೊತ್ತಿದ್ದೂ ಸೋಮಾರಿತನ.

ಈ ನಡುವೆ ಮಗಳಿಗೆ ಮುಂದಿನ ವರ್ಷ ಯಕ್ಷಗಾನದ ವೇಷವೇ ಬೇಕಂತೆ. ಬಡಗುತಿಟ್ಟು ಶೈಲಿಯ ಕೇದಗೆ ಮುಂದಲೆ ಅನ್ನೋ ಮುಂಡಾಸು. ಅದನ್ನು ಕಲಾವಿದರು ತಲೆಯ ಮೇಲೇ ಬಟ್ಟೆ ಸುತ್ತಿ ಕಟ್ಟುತ್ತಾರೆ. ಟೋಪಿಯ ಹಾಗೆ ಹಾಕಿ ತೆಗೆಯುವಂತೆ ಮಾಡಬಹುದಾ ಅಂತ ಆಗಲೇ ಹಳೆ ಸೈಕಲ್ ಹೆಲ್ಮೆಟ್ ಒಂದನ್ನು ಎತ್ತಿಟ್ಟಿದ್ದೇನೆ. ಕಪ್ಪು ಬಟ್ಟೆಗೆ ಜರಿ ಪಟ್ಟಿ ಯಾರ ಹತ್ತಿರ ಚೆನ್ನಾಗಿ ಸಿಗುತ್ತೆ? ಫೋಮ್ ಕಳಿಸಿದವರ ಹತ್ತಿರ ಅಂತೂ ಕೇಳಲ್ಲ.

ಆನೆಗೆ ಮರಳಿ ಬರೋಣ. ಸಿಹಿ ತುಂಬಲು ಹುಡುಗನ ಸೊಂಟಕ್ಕೆ ಚೀಲ ಕಟ್ಟಿದ್ದೆ, ತೂಕ ಮಧ್ಯದಲ್ಲೇ ಇರಲಿ ಅಂತ. ಅದು ಹತ್ತೇ ಮನೆಗೆ ತುಂಬಿತು. ಆಮೇಲೆ ಅವನು ಚಾಕೊಲೇಟುಗಳನ್ನು ಸುಮ್ನೆ ಹಿಂದಕ್ಕೆ ಎಸೆಯತೊಡಗಿದ, ಅಂಬಾರಿಯೊಳಗೆ. ನಾನು ನೋಡಲೇ ಇಲ್ಲ. ಬೀದಿಯ ಕೊನೆಯ ಮನೆಯ ಅಜ್ಜಿ ಬಾಗಿಲು ತೆಗೆದಾಗ ಹಿಂಭಾಗ ಭಾರವಾಗಿ ಆನೆ ಮೆಲ್ಲಗೆ ಹಿಂದಕ್ಕೆ ವಾಲಿತು. ಒಂಟಿ ಕಿವಿಯ ತಲೆ ಮೇಲೆದ್ದಿತು, ಸೊಂಡಿಲು ಅಜ್ಜಿಯ ಮೂಗಿನ ಮಟ್ಟಕ್ಕೆ ಬಂದು ನಿಂತಿತು. ಸಲಾಮು ಅಂದುಕೊಂಡು ಅವರು ಚಪ್ಪಾಳೆ ತಟ್ಟಿ ಬುಟ್ಟಿಯನ್ನೇ ಸುರಿದರು.

ಶನಿವಾರ ಕನ್ನಡ ಕೂಟದ ರಾಜ್ಯೋತ್ಸವ. ಅಷ್ಟರಲ್ಲಿ ಕಿವಿ ಅಂಟಿಸಬೇಕು. ಸಲಾಮು ಬೇಕು ಅಂತ ಹುಡುಗ ಅಂಬಾರಿಯನ್ನು ಖಾಲಿ ಮಾಡಲು ಬಿಡುತ್ತಿಲ್ಲ.