ಹೈ ಹೀಲ್ಸ್ ಹಾಕಿಕೊಂಡಿದ್ದ ಗಂಡಸು

ಮೂವತ್ತೈದು ದಾಟಿದ ನಾಯಕಿಗೆ ಫೋನ್ ಬರುವುದು ಒಮ್ಮೆಲೇ ನಿಲ್ಲುವುದಿಲ್ಲ. ಕತೆ ಹೇಳಲು ಮನೆಗೇ ಬರುತ್ತಿದ್ದವರು ಮೊದಲು 'ಆಫೀಸಿಗೆ ಬಂದುಬಿಡಿ' ಅನ್ನುತ್ತಾರೆ. ಆಮೇಲೆ ಫೋನಿನಲ್ಲೇ ಕತೆ ಹೇಳಿ ಮುಗಿಸುತ್ತಾರೆ. ಆಮೇಲೆ ಕತೆಯೂ ಇರುವುದಿಲ್ಲ, 'ನಾಯಕನ ಅತ್ತಿಗೆ, ನಾಲ್ಕು ದಿನದ ಕೆಲಸ' ಅಷ್ಟೇ. ನನಗೆ ಇದೆಲ್ಲ ಆಗುತ್ತಿದ್ದ ಹೊತ್ತಿಗೇ ಮದುವೆಯೂ ಮುರಿದುಬಿತ್ತು. ಎರಡಕ್ಕೂ ಸಂಬಂಧವಿಲ್ಲ ಅಂತ ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸಂಬಂಧ ಇತ್ತೋ ಇಲ್ಲವೋ, ಬಾಡಿಗೆಯಂತೂ ಕಟ್ಟಬೇಕಿತ್ತು. ಡಬ್ಬಿಂಗ್‌ಗೆ ಹೋಗತೊಡಗಿದೆ.

ಡಬ್ಬಿಂಗ್ ಕೋಣೆ ನನಗೆ ಬೇಗ ಹಿಡಿಸಿತು. ಅಲ್ಲಿ ಕನ್ನಡಿ ಇಲ್ಲ, ಮೇಕಪ್ ಇಲ್ಲ. ಕತ್ತಲು, ಒಂದು ಪರದೆ, ಒಂದು ಮೈಕು. ಸರಬರ ಅನ್ನುವ ಬಟ್ಟೆ ಹಾಕುವಂತಿಲ್ಲ, ಬಳೆಯಂತೂ ದೂರದ ಮಾತು. ಚಿತ್ರವನ್ನು ಲೂಪ್ ಅನ್ನುವ ಚಿಕ್ಕ ಚಿಕ್ಕ ತುಣುಕುಗಳಾಗಿ ತೋರಿಸುತ್ತಾರೆ. ಕಿವಿಯಲ್ಲಿ ಮೂರು ಬೀಪ್ ಕೇಳಿಸುತ್ತದೆ. ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಬೀಪ್ ಇರುವುದಿಲ್ಲ, ಅಲ್ಲಿ ನಾವು ಮಾತು ಶುರುಮಾಡಬೇಕು. ಸೆಕೆಂಡಿಗೆ 24 ಫ್ರೇಮ್. ಎರಡು ಮೂರು ಫ್ರೇಮ್ ತಡವಾದರೂ ಪಳಗಿದ ಕಣ್ಣಿಗೆ ಗೊತ್ತಾಗುತ್ತದೆ. ಎಲ್ಲಕ್ಕಿಂತ ಕಾಟ ಕೊಡುವುದು ಪ, ಬ, ಮ. ಪರದೆಯ ಮೇಲೆ ತುಟಿ ಮುಚ್ಚಿದಾಗ ನಮ್ಮ ಮಾತಿನಲ್ಲೂ ತುಟಿ ಮುಚ್ಚುವ ಅಕ್ಷರವೇ ಇರಬೇಕು. ಅದಕ್ಕಾಗಿ 'ನನ್ನ ಜೀವವೇ' ಅನ್ನುವುದು 'ಬದುಕೇ' ಆಗುತ್ತದೆ. ಪ್ರೇಮ ಸಂಭಾಷಣೆ ಬರೆಯುವವನಿಗೆ ಕವಿತ್ವಕ್ಕಿಂತ ತುಟಿಯ ಲೆಕ್ಕ ಮುಖ್ಯ ಅನ್ನುವುದು ನನಗೆ ತಿಳಿದದ್ದು ಅಲ್ಲೇ.

ಆ ದಿನ ಇದ್ದದ್ದು ಒಂದು ಪ್ರೇಮಕತೆ, ಬೇರೆ ಭಾಷೆಯಿಂದ ಬಂದದ್ದು. ನಾಯಕಿಗೆ ಹೆಚ್ಚೆಂದರೆ ಇಪ್ಪತ್ತೆರಡು. ಬಿಟ್ಟುಹೋಗುತ್ತಿದ್ದವನನ್ನು ತಡೆಯಲು ಅವಳು ಮೆಟ್ಟಿಲಿಳಿದು ಓಡಿಬಂದು 'ಹೋಗಬೇಡ' ಅನ್ನುತ್ತಾಳೆ. ಚಿತ್ರದ ಜೀವವೆಲ್ಲ ಆ ಒಂದು ಮಾತಿನಲ್ಲಿತ್ತು, ಹಾಗಾಗಿ ಅದನ್ನು ಮಧ್ಯಾಹ್ನಕ್ಕೆ ಅಂತ ಎತ್ತಿಟ್ಟಿದ್ದರು.

ವಿರಾಮದಲ್ಲಿ ಹೊರಗೆ ಬಂದರೆ ಪಕ್ಕದ ಕೋಣೆಯಿಂದ ಟಕ್ ಟಕ್ ಟಕ್ ಅಂತ ಹೆಣ್ಣಿನ ನಡಿಗೆ ಕೇಳಿಸುತ್ತಿತ್ತು. ತುಸು ಸೊಕ್ಕಿನ, ಎಳೆ ವಯಸ್ಸಿನ ನಡಿಗೆ. ಬಾಗಿಲು ಅರ್ಧ ತೆರೆದಿತ್ತು, ಇಣುಕಿದೆ.

ಒಳಗೆ ದಪ್ಪ ಮೀಸೆಯ, ಆರಡಿ ಎತ್ತರದ ಗಂಡಸೊಬ್ಬ ಕೆಂಪು ಹೈ ಹೀಲ್ಸ್ ಹಾಕಿಕೊಂಡು ಕಲ್ಲು ಚಪ್ಪಡಿಯ ಮೇಲೆ ನಿಂತಲ್ಲೇ ನಡೆಯುತ್ತಿದ್ದ. ಪಾದ ಹಿಡಿಸಲಿ ಅಂತ ಚಪ್ಪಲಿಯ ಹಿಂದಿನ ಪಟ್ಟಿಯನ್ನು ಕತ್ತರಿಸಿ ಎಲಾಸ್ಟಿಕ್ ಹೊಲಿದಿತ್ತು. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದ್ದ. ಕಣ್ಣು ಪರದೆಯ ಮೇಲೆ, ಅದೇ ನಾಯಕಿಯ ಸೊಂಟದ ಮೇಲೆ. ಪೋಲಿತನ ಅಂದುಕೊಳ್ಳಬೇಡಿ. ಎಷ್ಟೋ ಶಾಟ್‌ಗಳಲ್ಲಿ ಪಾದವೇ ಕಾಣುವುದಿಲ್ಲ, ಹೆಜ್ಜೆ ಯಾವಾಗ ಬೀಳುತ್ತದೆ ಅನ್ನುವುದನ್ನು ಸೊಂಟ ಮತ್ತು ಭುಜ ನೋಡಿಯೇ ಹಿಡಿಯಬೇಕು.

ಈ ಕೆಲಸಕ್ಕೆ ಫೋಲಿ ಅಂತ ಹೆಸರು. ಹಾಲಿವುಡ್‌ನ ಯುನಿವರ್ಸಲ್ ಸ್ಟುಡಿಯೋದಲ್ಲಿದ್ದ ಜ್ಯಾಕ್ ಫೋಲಿ (1891–1967) ಅನ್ನುವವನಿಂದ ಬಂದದ್ದು. ಮಾತಿನ ಚಿತ್ರಗಳು ಬಂದ ಹೊಸತರಲ್ಲಿ ಪರದೆ ನೋಡುತ್ತಲೇ ಸದ್ದು ಮಾಡುತ್ತಿದ್ದ ಪುಣ್ಯಾತ್ಮ. ರಾಕ್ ಹಡ್ಸನ್‌ದು ಗಟ್ಟಿ ಹೆಜ್ಜೆ, ಟೋನಿ ಕರ್ಟಿಸ್‌ದು ಚುರುಕು ಹೆಜ್ಜೆ ಅಂತ ನಟರನ್ನು ನಡಿಗೆಯಿಂದಲೇ ಗುರುತಿಡುತ್ತಿದ್ದನಂತೆ. ಶೂಟಿಂಗ್‌ನಲ್ಲಿ ಮೈಕು ಬಾಯಿಯ ಕಡೆ ಇರುತ್ತದೆಯೇ ಹೊರತು ಕಾಲಿನ ಕಡೆ ಅಲ್ಲ. ಅಷ್ಟಿಷ್ಟು ಸಿಕ್ಕ ಹೆಜ್ಜೆಯ ಸದ್ದೂ ಮಾತಿನ ಜೊತೆಗೇ ಅಂಟಿಕೊಂಡಿರುತ್ತದೆ. ಬೇರೆ ಭಾಷೆಗೆ ತರುವಾಗ ಮೂಲದ ಮಾತು ತೆಗೆದರೆ ಹೆಜ್ಜೆ, ಬಟ್ಟೆ, ಬಾಗಿಲು ಎಲ್ಲವೂ ಅದರ ಹಿಂದೆಯೇ ಹೋಗುತ್ತವೆ. ಆಗ ಇಂಥವರು ಇಡೀ ಚಿತ್ರವನ್ನು ಮತ್ತೆ ನಡೆಯಬೇಕು. ಕೋಣೆಯ ಮೂಲೆಯಲ್ಲಿ ತೆಂಗಿನ ಚಿಪ್ಪು (ಕುದುರೆಗೆ), ಚರ್ಮದ ಚೀಲದಲ್ಲಿ ಕಾರ್ನ್‌ಫ್ಲೋರ್ (ಹಿಮದ ಮೇಲಿನ ಹೆಜ್ಜೆಗೆ), ಬುಟ್ಟಿ ತುಂಬ ಯಾರ್ಯಾರದೋ ಹಳೆ ಚಪ್ಪಲಿ.

ಅವರು ತಿರುಗದೆಯೇ ಅಂದರು, "ಬನ್ನಿ ಮೇಡಂ, ಟೇಕ್ ಮುಗೀತು."

"ನಾನು ಅಂತ ಹೇಗೆ ಗೊತ್ತಾಯ್ತು?"

"ನಿಲ್ಲೋಕೆ ಮುಂಚೆ ಎಡಗಾಲು ಒಂಚೂರು ಎಳೀತೀರಲ್ಲ."

ನನ್ನ ಎರಡನೇ ಚಿತ್ರಕ್ಕೆ ಫೋಲಿ ಮಾಡಿದ್ದು ಅವರೇ ಅಂತೆ. "ವಾರಗಟ್ಟಲೆ ನಿಮ್ಮ ಕಾಲೇ ನೋಡಿದ್ದೀನಿ. ತಪ್ಪು ತಿಳ್ಕೋಬೇಡಿ, ಕೆಲಸ ಅದು." ಆಸ್ಪತ್ರೆಯ ಕಾರಿಡಾರಿನ ಸೀನಿನಲ್ಲಿ ಎಡಗಾಲು ಸಿಗದೆ ಪರದಾಡಿ, ಕೊನೆಗೆ ಎಡ ಚಪ್ಪಲಿಯೊಳಗೆ ಮಡಚಿದ ಬಟ್ಟೆ ತುರುಕಿಕೊಂಡು ನಡೆದರಂತೆ. ಆ ಕಾಲನ್ನು ಮಗುವಾಗಿದ್ದಾಗ ಗೋಡೆಯಿಂದ ಬಿದ್ದು ಉಳುಕಿಸಿಕೊಂಡಿದ್ದೆ. ಅದನ್ನು ಗಮನಿಸಿದ್ದವರು ಡಾನ್ಸ್ ಮಾಸ್ಟರುಗಳು ಮಾತ್ರ, ಅದೂ ಬೈಯುವುದಕ್ಕೆ. ನನ್ನ ಕಣ್ಣಿನ ಬಗ್ಗೆ, ಬಣ್ಣದ ಬಗ್ಗೆ, ಏರಿದ ಇಳಿದ ತೂಕದ ಬಗ್ಗೆ ಊರೆಲ್ಲ ಬರೆದಿದೆ. ಈ ಮನುಷ್ಯ ಮಾತ್ರ ಯಾರಿಗೂ ಹೇಳದೆ ನನ್ನ ಕುಂಟನ್ನು ತನ್ನ ಚಪ್ಪಲಿಯಲ್ಲಿ ಇಟ್ಟುಕೊಂಡಿದ್ದ.

ಮಧ್ಯಾಹ್ನ 'ಹೋಗಬೇಡ' ಶುರುವಾಯಿತು. ಬರಲೇ ಇಲ್ಲ. ಗಾಜಿನ ಆಚೆಯಿಂದ ಮಾತಾಡುವ ಟಾಕ್‌ಬ್ಯಾಕ್‌ನಲ್ಲಿ ಡೈರೆಕ್ಟರ್ ಮೊದಲು "ಚೆನ್ನಾಗಿದೆ, ಇನ್ನೊಂದು" ಅಂದರು. ಆಮೇಲೆ ಬರೀ "ಇನ್ನೊಂದು." ಆಮೇಲೆ "ಮೇಡಂ, ಸಿಂಕ್ ಪಕ್ಕಾ ಇದೆ, ಫೀಲ್ ಬರ್ತಿಲ್ಲ." ಹಳೆಯ ಪಾಠ ನೆನಪಿಸಿಕೊಂಡೆ: ನಿನ್ನದೇ ಬದುಕಿನಿಂದ ಅಂಥದ್ದೊಂದು ಗಳಿಗೆಯನ್ನು ಕರೆದು ತಾ. ಕರೆದೆ. ಬಂದದ್ದು ಕೋರ್ಟಿನ ಬೆಂಚು, ಫೈಲು, ವಕೀಲರ ಕೆಮ್ಮು. ನಾನು ಯಾರಿಗೂ ಹೋಗಬೇಡ ಅಂದಿರಲಿಲ್ಲ. ಹೋದರೆ ಸಾಕು ಅನಿಸಿತ್ತು.

ಫೋಲಿಯವರು ತಮ್ಮ ರೀಲು ಮುಗಿಸಿ ಗಾಜಿನ ಆಚೆ ಬಂದು ಕೂತಿದ್ದರು. ಡೈರೆಕ್ಟರನ್ನು ಕೇಳಿ ಟಾಕ್‌ಬ್ಯಾಕ್ ಒತ್ತಿದರು. "ಮೇಡಂ, ಚಪ್ಪಲಿ ಬಿಟ್ಟು ನಿಂತಲ್ಲೇ ಓಡಿ. ಆ ಹುಡುಗಿ ಮೆಟ್ಟಿಲಿಳಿದು ಬಂದಿದ್ದಾಳೆ, ನಾನು ಎಣಿಸಿದ್ದೀನಿ, ಇಪ್ಪತ್ತಾರು ಮೆಟ್ಟಿಲು. ನೀವು ನಿಂತ್ಕೊಂಡು ಮಾತಾಡ್ತಿದ್ದೀರಿ."

ರಷ್ಯದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಹೆಸರು ಹೇಳದೆ ಯಾವ ನಟನಾ ತರಗತಿಯೂ ಮುಗಿಯುವುದಿಲ್ಲ. ನೆನಪಿನಿಂದ ಭಾವ ತೆಗೆಯುವುದನ್ನು ಕಲಿಸಿದ ಆ ಮನುಷ್ಯ, 1938ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ದೇಹದ ಕ್ರಿಯೆಯ ಕಡೆ ಹೊರಳಿದ್ದ: ಮೊದಲು ಮಾಡು, ಭಾವ ಹಿಂದೆ ಬರುತ್ತದೆ. ನಮ್ಮ ತರಗತಿಗಳಲ್ಲಿ ಮೊದಲರ್ಧ ಮಾತ್ರ ಹೇಳುತ್ತಾರೆ, ಅಳಿಸುವುದು ಸುಲಭ ಅಂತಲೋ ಏನೋ. ಬರಿಗಾಲಲ್ಲಿ ಕಾರ್ಪೆಟ್ಟಿನ ಮೇಲೆ ಓಡಿದೆ. ಇಪ್ಪತ್ತಾರು. ಮೂರು ಬೀಪ್. ಉಸಿರು ತುಂಡಾಗಿತ್ತು, 'ಹೋಗ' ಒಂದು ಕಡೆ, 'ಬೇಡ' ಒಂದು ಕಡೆ ಬಿತ್ತು. ಟಾಕ್‌ಬ್ಯಾಕ್‌ನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ "ಓಕೆ. ಮುಂದಿನ ಲೂಪ್."

ಮುಂದಿನ ಲೂಪ್ ಮುತ್ತು.

ಡಬ್ಬಿಂಗ್‌ನಲ್ಲಿ ಮುತ್ತು ಕೊಡುವುದು ನಮ್ಮದೇ ಮುಂಗೈಗೆ. ಕತ್ತಲಲ್ಲಿ ಒಬ್ಬಳೇ ನಿಂತು, ಪರದೆ ನೋಡುತ್ತ, ಸ್ವಂತ ಕೈಗೆ. ಡೈರೆಕ್ಟರ್ "ಇನ್ನೂ ಸ್ವಲ್ಪ ಉದ್ದ" ಅನ್ನುತ್ತಿರುತ್ತಾರೆ. ಇದನ್ನು ಎಷ್ಟೋ ಸಲ ಮಾಡಿದ್ದೇನೆ, ಸಂತೆಯಲ್ಲಿ ನಿಂತು ಮಾಡು ಅಂದರೂ ಮಾಡಿಯೇನು. ಅವತ್ತು ಮಾತ್ರ ನಾಚಿಕೆಯಾಯಿತು. ಗಾಜಿನ ಆಚೆ ನೋಡಿದೆ. ಅವರು ತಮ್ಮ ಕುರ್ಚಿಯನ್ನು ಪೂರ್ತಿ ತಿರುಗಿಸಿ ಗೋಡೆಗೆ ಮುಖ ಮಾಡಿ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ ಕೂತಿದ್ದರು. ಕಾಲಲ್ಲಿ ಇನ್ನೂ ಕೆಂಪು ಚಪ್ಪಲಿ. ನಗು ಬಂದು ಟೇಕ್ ಹಾಳಾಯಿತು.

ಮುಂದಿನದನ್ನು ಬೆಳೆಸುವುದಿಲ್ಲ, ಎಲ್ಲರದೂ ಹೆಚ್ಚುಕಡಿಮೆ ಒಂದೇ ಥರ: ಫೋನು, ಸುಮ್ಮಸುಮ್ಮನೆ ಸ್ಟುಡಿಯೋ ಕಡೆ ಹೋಗುವುದು, ಎರಡೂ ಮನೆಯವರ ಹುಬ್ಬು. ಈಗ ನಾವು ಜೊತೆಗಿದ್ದೇವೆ. ಮನೆ ತುಂಬ ಚಪ್ಪಲಿ, ಅದರಲ್ಲಿ ಹಾಕಿಕೊಂಡು ಹೊರಗೆ ಹೋಗುವಂಥದ್ದು ಬೆರಳೆಣಿಕೆಯಷ್ಟು. ನನಗೆ ಮತ್ತೆ ಪಾತ್ರಗಳೂ ಬರುತ್ತಿವೆ. ಅತ್ತಿಗೆಯಲ್ಲ, ಒಂದರಲ್ಲಿ ಜೈಲಿನ ಸೂಪರಿಂಟೆಂಡೆಂಟ್. ಹಾಗಂತ ನನ್ನನ್ನು ಪ್ರೀತಿ ಎತ್ತಿ ನಿಲ್ಲಿಸಿತು ಅಂದುಕೊಳ್ಳಬೇಡಿ. ನಿಲ್ಲಿಸಿದ್ದು ಡಬ್ಬಿಂಗ್‌ನ ಸಂಬಳ ಮತ್ತು ಒಬ್ಬ ಒಳ್ಳೆ ವಕೀಲೆ.

ಆ ಜೈಲಿನ ಚಿತ್ರಕ್ಕೂ ಫೋಲಿ ಇವರದೇ. ಮೊನ್ನೆ ರಾತ್ರಿ ಸ್ಟುಡಿಯೋದಿಂದಲೇ ಫೋನ್ ಮಾಡಿ, "ಗೇಟಿನ ಸೀನಲ್ಲಿ ಎಡಗಾಲು ಎಳೆದೇ ಇಲ್ವಲ್ಲ, ಯಾಕೆ?" ಅಂದರು.

"ಪೊಲೀಸ್ ನಡಿಗೆ ರೀ. ನೇರ ನಡೀರಿ ಅಂದ್ರು, ನಡೆದೆ. ಕಷ್ಟಪಟ್ಟು ಪ್ರಾಕ್ಟೀಸ್ ಮಾಡಿದ್ದು ಅದು."

"ಕೇಳೋಕೆ ನೀನು ಅನ್ಸಲ್ಲ. ನಾನು ಎಳೀತೀನಿ."

"ಎಳೆದರೆ ನೋಡಿ ಮತ್ತೆ."

ಜಗಳ ಇನ್ನೂ ಮುಗಿದಿಲ್ಲ. ಮಿಕ್ಸಿಂಗ್ ಮುಂದಿನ ವಾರ.