ಸಮರ್ಕಂದ್, ಬುಖಾರಾ: ಗುಮ್ಮಟ ಆಮೇಲೆ, ಮೊದಲು ನೆಲ ನೋಡಿ

ಸಮರ್ಕಂದಿನ ರೈಲು ನಮಗೆ ತಪ್ಪಿಹೋಯಿತು. ತಪ್ಪು ನನ್ನದೇ. ತಾಷ್ಕೆಂಟಿನಲ್ಲಿ ಎರಡು ರೈಲು ನಿಲ್ದಾಣಗಳಿವೆ, ಉತ್ತರದ್ದೊಂದು, ದಕ್ಷಿಣದ್ದೊಂದು. ಯಾವುದು ಅಂತ ಟಿಕೆಟ್ ಮೇಲೆ ಅಚ್ಚಾಗಿತ್ತು. ನಾನು ಓದಿರಲಿಲ್ಲ. ಗೇಟಿನಲ್ಲಿ ಪೊಲೀಸಪ್ಪ ಟಿಕೆಟ್ ನೋಡಿ ತಲೆ ಅಲ್ಲಾಡಿಸಿದಾಗ ರೈಲು ಹೊರಡಲು ಇಪ್ಪತ್ತು ನಿಮಿಷ ಉಳಿದಿತ್ತು. ಟ್ಯಾಕ್ಸಿಯಲ್ಲಿ ಊರ ಇನ್ನೊಂದು ತುದಿಗೆ ಓಡಿದೆವು, ಸಿಗಲಿಲ್ಲ. ಅಕ್ಕ ಬೈದಿದ್ದರೆ ಪರವಾಗಿರಲಿಲ್ಲ. ಒಂದು ಗಂಟೆ ಮಾತೇ ಆಡಲಿಲ್ಲ.

ಹಾಗಾಗಿ ಮೊದಲ ಮಾತು ಇದೇ: ಉಜ್ಬೇಕಿಸ್ತಾನದಲ್ಲಿ ರೈಲು ಟಿಕೆಟ್ ಕೈಗೆ ಬಂದ ಕೂಡಲೇ ನಿಲ್ದಾಣದ ಹೆಸರು ಓದಿ. ಒಳಗೆ ಬಿಡುವ ಮುಂಚೆ ಪಾಸ್‌ಪೋರ್ಟ್ ನೋಡುತ್ತಾರೆ, ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ, ಅದಕ್ಕೂ ಸಮಯ ಇಟ್ಟುಕೊಳ್ಳಿ. ಅಫ್ರೋಸಿಯೋಬ್ ಅನ್ನುವ ವೇಗದ ರೈಲು 344 ಕಿಲೋಮೀಟರನ್ನು ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಅದರ ಟಿಕೆಟ್ ಬೇಗ ಮುಗಿದುಹೋಗುತ್ತವೆ, ಕೆಲವು ವಾರ ಮುಂಚೆಯೇ ಮಾಡಿಸಿ. ನಾವು ಕೊನೆಗೆ ಹೋಗಿದ್ದು ನಿಧಾನದ ರೈಲಿನಲ್ಲಿ. ಹತ್ತಿ ಹೊಲ, ಮತ್ತೆ ಹತ್ತಿ ಹೊಲ.

ಹೋಗಿದ್ದು ಅಕ್ಟೋಬರಿನಲ್ಲಿ, ಒಂಬತ್ತು ದಿನಕ್ಕೆ. ದೆಹಲಿಯಿಂದ ತಾಷ್ಕೆಂಟಿಗೆ ನೇರ ವಿಮಾನ, ಮೂರು ಗಂಟೆ ಅಷ್ಟೇ. ಇ-ವೀಸಾ ಸಿಗುತ್ತದೆ, ನಮಗೆ 20 ಡಾಲರ್ ಆಯಿತು. ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯದು. ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗಿನ ನಲವತ್ತು ದಿನಗಳಿಗೆ ಅಲ್ಲಿಯವರು 'ಚಿಲ್ಲಾ' ಅಂತಾರೆ. ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹೋಗಬೇಡಿ.

ಈಗ ವಿಷಯಕ್ಕೆ ಬರೋಣ. ರೇಷ್ಮೆ ದಾರಿ ನೋಡಬೇಕು ಅಂತ ಎಲ್ಲರೂ ಸಮರ್ಕಂದಿಗೆ ಹೋಗುತ್ತಾರೆ. ಇಳಿದ ತಕ್ಷಣ ರೆಗಿಸ್ತಾನ್ ಚೌಕಕ್ಕೆ ಓಡಿ ನೀಲಿ ಗುಮ್ಮಟದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಚೌಕ ಚೆನ್ನಾಗಿದೆ, ಸುಳ್ಳಲ್ಲ. ಆದರೆ ಅಲ್ಲಿರುವ ಮೂರು ಮದರಸಾಗಳಲ್ಲಿ ಹಳೆಯದಾದ, ತೈಮೂರನ ಮೊಮ್ಮಗ ಉಲುಗ್ ಬೇಗನದು ಮುಗಿದಿದ್ದೇ 1420ರಲ್ಲಿ. ಉಳಿದೆರಡು 1600ರ ಈಚಿನವು. ವ್ಯಾಪಾರಿಗಳ ಮಧ್ಯ ಏಷ್ಯಾ, ಅಂದರೆ 600ರಿಂದ 1200ರವರೆಗಿನದು, ಅಲ್ಲಿ ಕಾಣುವುದಿಲ್ಲ. 1220ರಲ್ಲಿ ಚೆಂಗೀಸ್ ಖಾನ್ ಸಮರ್ಕಂದ್, ಬುಖಾರಾ ಎರಡೂ ಊರುಗಳನ್ನು ಹಾಳು ಮಾಡಿದ. ಉಳಿದದ್ದು ಮಣ್ಣಿನ ಕೆಳಗೆ ಹೋಯಿತು. ನಿಮಗೆ ಆ ಕಾಲ ಬೇಕಿದ್ದರೆ ತಲೆ ಎತ್ತಿದರೆ ಆಗಲ್ಲ, ಬಗ್ಗಿ ನೋಡಬೇಕು.

ಅದಕ್ಕೇ ಹೇಳುವುದು, ಸಮರ್ಕಂದಿನಲ್ಲಿ ಮೊದಲ ಬೆಳಿಗ್ಗೆ ಅಫ್ರಾಸಿಯಾಬ್ ದಿಬ್ಬಕ್ಕೆ ಕೊಡಿ. ಹಳೆಯ ಸಮರ್ಕಂದ್ ಇದ್ದಿದ್ದು ಅಲ್ಲಿ. ನೋಡಲು ಏನೂ ಇಲ್ಲ: ಬೋಳು ಮಣ್ಣು, ಒಣಹುಲ್ಲು, ಮೇಯುವ ಕುರಿ. ಪಕ್ಕದಲ್ಲೇ ಒಂದು ಸಣ್ಣ ಮ್ಯೂಸಿಯಂ. ಅದರೊಳಗೆ ಏಳನೇ ಶತಮಾನದ ಒಂದು ಕೋಣೆಯ ಗೋಡೆಚಿತ್ರಗಳಿವೆ. 1965ರಲ್ಲಿ ರಸ್ತೆ ಮಾಡಲು ಅಗೆಯುವಾಗ ಸಿಕ್ಕವು. ಆಗಿನ ರಾಜ ವರ್ಖುಮಾನ್. ಅವನ ಆಸ್ಥಾನಕ್ಕೆ ಬಂದ ದೂತರು ಒಂದು ಗೋಡೆಯ ತುಂಬ ಇದ್ದಾರೆ. ರೇಷ್ಮೆ ಹೊತ್ತ ಚೀನಿಯರು, ಜಡೆ ಬಿಟ್ಟ ತುರ್ಕರು, ಟೋಪಿಗೆ ಗರಿ ಸಿಕ್ಕಿಸಿಕೊಂಡ ಇಬ್ಬರು ಕೊರಿಯಾದವರು. ಇನ್ನೊಂದು ಗೋಡೆಯಲ್ಲಿ ಮೆರವಣಿಗೆ. ಅದರಲ್ಲಿ ಬಾತುಕೋಳಿಗಳ ಹಾಗೆ ಕಾಣುವ ಬಿಳಿ ಹಕ್ಕಿಗಳನ್ನು ನಡೆಸಿಕೊಂಡು ಹೋಗುವವನ ಬಾಯಿಗೆ ಬಟ್ಟೆ ಕಟ್ಟಿದೆ. ಅಕ್ಕ 'ಕೋವಿಡ್ಡಾ?' ಅಂದಳು. ಪವಿತ್ರ ಬೆಂಕಿಗೆ ಉಸಿರು ತಾಗಬಾರದು ಅಂತ ಜರತುಷ್ಟ್ರ ಧರ್ಮದ ಪೂಜಾರಿಗಳು ಕಟ್ಟಿಕೊಳ್ಳುವ ಬಟ್ಟೆ ಅದು. ಪಾರ್ಸಿ ಪೂಜಾರಿಗಳು ಇವತ್ತೂ ಕಟ್ಟಿಕೊಳ್ಳುತ್ತಾರೆ.

ಇದು ಸೊಗ್ದಿಯನ್ನರ ಊರು. ಚೀನಾದಿಂದ ಕಪ್ಪು ಸಮುದ್ರದವರೆಗೆ ವ್ಯಾಪಾರ ನಡೆಸುತ್ತಿದ್ದವರು ಇವರೇ, ಆ ದಾರಿಯ ವ್ಯವಹಾರದ ಭಾಷೆಯೂ ಇವರದೇ. ಮಗು ಹುಟ್ಟಿದರೆ ಮಾತು ಸಿಹಿಯಾಗಿರಲಿ ಅಂತ ಬಾಯಿಗೆ ಸಿಹಿ, ಸಿಕ್ಕ ದುಡ್ಡು ಅಂಟಿಕೊಳ್ಳಲಿ ಅಂತ ಅಂಗೈಗೆ ಗೋಂದು ಹಚ್ಚುತ್ತಿದ್ದರಂತೆ. ಹಾಗಂತ ಬರೆದಿಟ್ಟವರು ಚೀನಾದವರು, ಸ್ವಲ್ಪ ಹೊಟ್ಟೆಕಿಚ್ಚೂ ಇರಬಹುದು. ಮನೆಯಲ್ಲಿ ಬೆಂಕಿ ಪೂಜೆ ಮಾಡುವವರು ಜಾಸ್ತಿ. ಜೊತೆಗೆ ಬೌದ್ಧರು, ಪರ್ಷಿಯಾದ ಪ್ರವಾದಿ ಮಾನಿಯ ಪಂಥದವರು, ಪೂರ್ವದ ಚರ್ಚಿನ ಕ್ರೈಸ್ತರೂ ಇದ್ದರು. ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಸುಮಾರು 630ರಲ್ಲಿ ಈ ಊರು ದಾಟಿಯೇ ಭಾರತಕ್ಕೆ ಬಂದ. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದನಲ್ಲ, ಅವನೇ. ಆ ದಿಬ್ಬದ ಮೇಲೆ ನಿಂತಾಗ ಶಾಲೆಯ ಸಮಾಜ ಪುಸ್ತಕದ ಎರಡು ಬೇರೆ ಬೇರೆ ಪಾಠಗಳು ಒಂದಕ್ಕೊಂದು ಅಂಟಿಕೊಂಡವು.

ಮಧ್ಯಾಹ್ನಕ್ಕೆ ಕೋನಿಗಿಲ್ ಹಳ್ಳಿಗೆ ಹೋಗಿ. ಊರಿಂದ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯೂ ಬೇಡ. ಸಿಯಾಬ್ ತೊರೆಯ ದಡದಲ್ಲಿ ಕೈಯಲ್ಲಿ ಕಾಗದ ಮಾಡುವ ಗಿರಣಿ ಇದೆ. ಪ್ರವಾಸಿಗಳಿಗೆಂದೇ ಮತ್ತೆ ಶುರು ಮಾಡಿದ್ದು ಅಂತ ಮೂಗು ಮುರಿಯಬೇಡಿ. ಕೆಲಸ ನಿಜವಾಗಿಯೂ ನಡೆಯುತ್ತದೆ. ಹಿಪ್ಪುನೇರಳೆ ಕಡ್ಡಿಯ ತೊಗಟೆ ಸುಲಿಯುತ್ತಾರೆ. ಚಾಕುವಿನಿಂದ ಮೇಲಿನ ಕಂದು ಪದರ ಹೆರೆದರೆ ಒಳಗೆ ಹಳದಿ ನಾರು. ಅದನ್ನು ಗಂಟೆಗಟ್ಟಲೆ ಬೇಯಿಸಿ ಒನಕೆಗೆ ಹಾಕುತ್ತಾರೆ. ಒನಕೆ ಎತ್ತಿ ಹಾಕುವುದು ಮನುಷ್ಯರಲ್ಲ, ತೊರೆಯ ನೀರಿನಿಂದ ತಿರುಗುವ ಚಕ್ರ. ಧಡ್, ಧಡ್, ಒಂದೇ ಲಯ. ಅರೆದ ನಾರನ್ನು ನೀರಿನ ತೊಟ್ಟಿಗೆ ಹಾಕಿ ಜರಡಿಯಲ್ಲಿ ಎತ್ತಿದರೆ ತೆಳ್ಳಗೆ ಹಾಳೆ. ಒತ್ತಿ, ಒಣಗಿಸಿ, ಕೊನೆಗೆ ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಉಜ್ಜದ ಹಾಳೆ ದೋಸೆಯ ಹಿಂಬದಿಯ ಹಾಗೆ ಒರಟು. ಉಜ್ಜಿದ್ದರ ಮೇಲೆ ಬೆರಳು ಜಾರುತ್ತದೆ.

ನಮ್ಮ ತಾಯಿಯ ಊರು ಶಿಡ್ಲಘಟ್ಟದ ಕಡೆ, ಹಿಪ್ಪುನೇರಳೆ ತೋಟದಲ್ಲೇ ಆಡಿ ಬೆಳೆದವರು ನಾವು. 'ಸೊಪ್ಪು ಹುಳಕ್ಕೆ ಹಾಕಿ ಕಡ್ಡಿ ಒಲೆಗೆ ಹಾಕ್ತಿದ್ವಿ. ಇವರು ಕಡ್ಡೀನೂ ಬಿಟ್ಟಿಲ್ಲ ನೋಡು' ಅಂದಳು ಅಕ್ಕ. 751ರಲ್ಲಿ ತಲಾಸ್ ನದಿಯ ಹತ್ತಿರ ಅರಬರು ಚೀನಿಯರನ್ನು ಸೋಲಿಸಿದರು, ಸೆರೆ ಸಿಕ್ಕ ಚೀನಿ ಕುಶಲಿಗಳಿಂದ ಸಮರ್ಕಂದ್ ಕಾಗದ ಮಾಡುವುದು ಕಲಿತಿತು ಅಂತ ಅಲ್ಲಿನ ಗೈಡುಗಳು ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಪೂರ್ತಿ ನಂಬಬೇಡಿ. ಸೊಗ್ದಿಯನ್ನರು ಅದಕ್ಕೂ ಮುಂಚೆಯೇ ಕಾಗದದ ಮೇಲೆ ಪತ್ರ ಬರೆಯುತ್ತಿದ್ದರು. ಇಲ್ಲಿಂದ ಬಾಗ್ದಾದಿಗೆ, ಅಲ್ಲಿಂದ ಯೂರೋಪಿಗೆ ಕಾಗದ ಹೋಯಿತು ಅನ್ನುವುದು ಮಾತ್ರ ಗಟ್ಟಿ. ಉಜ್ಬೆಕ್‌ನಲ್ಲಿ ಅದಕ್ಕೆ 'ಕೊಗೊಜ್' ಅಂತಾರೆ. ನಮ್ಮ 'ಕಾಗದ' ಪರ್ಷಿಯನ್ನಿಂದ ಬಂದ ಅದೇ ಪದ.

ರೆಗಿಸ್ತಾನಿಗೆ ಸಂಜೆ ಹೋಗಿ, ದೀಪ ಹಚ್ಚಿದ ಮೇಲೆ. ಶಾಹಿ ಜಿಂದಾ ಸಮಾಧಿಗಳ ಓಣಿಗೆ ಬೆಳಿಗ್ಗೆ ಬೇಗ ಹೋಗಿ, ಗುಂಪು ಬರುವ ಮುಂಚೆ. ಬೀಬಿ ಖಾನಂ ಮಸೀದಿಯ ಎದುರು ನಿಂತಾಗ ಒಂದು ನೆನಪಿರಲಿ: 1398ರಲ್ಲಿ ದೆಹಲಿಯನ್ನು ದೋಚಿ ಬಂದ ತೈಮೂರ್ ಮರುವರ್ಷವೇ ಇದನ್ನು ಶುರು ಮಾಡಿದ. ದೆಹಲಿಯಿಂದ ತಂದ ಆನೆಗಳೇ ಕಲ್ಲು ಹೊತ್ತವು. ಅವನ ಮಗ ಶಾರೂಖ್ ಕಳಿಸಿದ ದೂತ ಅಬ್ದುರ್ ರಜಾಕ್ ಸಮರ್ಕಂದಿ 1443ರಲ್ಲಿ ವಿಜಯನಗರಕ್ಕೆ ಬಂದು, ಇಮ್ಮಡಿ ದೇವರಾಯನನ್ನು ಕಂಡು, ಏಳು ಸುತ್ತಿನ ಕೋಟೆಯನ್ನೂ ಮಹಾನವಮಿಯನ್ನೂ ಬಾಯಿ ತುಂಬ ಹೊಗಳಿದ. ಹೆಸರಿನಲ್ಲಿ ಸಮರ್ಕಂದ್ ಇದ್ದರೂ ಹುಟ್ಟಿದ್ದು ಈಗಿನ ಅಫ್ಘಾನಿಸ್ತಾನದ ಹೆರಾತಿನಲ್ಲಿ. ಹಂಪಿ ನೋಡಿದವರಿಗೆ ಇದು ಸುಮ್ನೆ ಖುಷಿ ಕೊಡುವ ವಿಷಯ.

ಸಮರ್ಕಂದಿನಿಂದ ಬುಖಾರಾಗೆ ರೈಲಿನಲ್ಲಿ ಹೋಗಬೇಡಿ. ವೇಗದ ರೈಲಿಗೆ ಎರಡು ಗಂಟೆಯೂ ಬೇಡ, ಗೊತ್ತು. ಆದರೂ ಕಾರು ಮಾಡಿಕೊಳ್ಳಿ. ಐದು ಗಂಟೆ ಹಿಡಿಯುತ್ತದೆ, ನಾಲ್ಕು ಜನ ಇದ್ದರೆ ಖರ್ಚೂ ಹಂಚಿಹೋಗುತ್ತದೆ. ಕಾರಣ ರಬಾತಿ ಮಲಿಕ್. ನವೋಯಿ ಅನ್ನುವ ಊರು ದಾಟಿದ ಮೇಲೆ, ಹೆದ್ದಾರಿಯ ಪಕ್ಕದಲ್ಲೇ, ಬಯಲಿನಲ್ಲಿ ಒಂದು ಇಟ್ಟಿಗೆಯ ಹೆಬ್ಬಾಗಿಲು ಒಂಟಿಯಾಗಿ ನಿಂತಿದೆ. 11ನೇ ಶತಮಾನದಲ್ಲಿ ಕಾರಾಖಾನಿ ಅನ್ನುವ ತುರ್ಕಿ ವಂಶದ ದೊರೆ ಕಟ್ಟಿಸಿದ ಛತ್ರದ ಬಾಗಿಲು ಅದು. ಒಳಗಿನ ಕಟ್ಟಡವೆಲ್ಲ ಬಿದ್ದುಹೋಗಿ ಪಾಯ ಉಳಿದಿದೆ. ರಸ್ತೆಯ ಆಚೆಗೆ ಗುಮ್ಮಟ ಮುಚ್ಚಿದ ನೀರಿನ ತೊಟ್ಟಿ, ಅಲ್ಲಿನ ಮಾತಿನಲ್ಲಿ 'ಸರ್ದೋಬಾ'. ಜರಾಫ್ಶಾನ್ ನದಿಯ ನೀರು ಕಾಲುವೆಯಲ್ಲಿ ಇಲ್ಲಿಗೆ ಬರುತ್ತಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಾಲಿಟ್ಟರೆ ಮಣ್ಣಿನ ಹೂಜಿಯೊಳಗೆ ಇಳಿದ ಹಾಗೆ ತಂಪು. ಒಂಟೆ ಸಾಲು ದಿನಕ್ಕೆ ಮೂವತ್ತು, ನಲವತ್ತು ಕಿಲೋಮೀಟರ್ ನಡೆದರೆ ಹೆಚ್ಚು. ಅಂದರೆ ಈ ಎರಡು ಊರುಗಳ ನಡುವೆ ಒಂದು ವಾರದ ನಡಿಗೆ. ಆ ತೊಟ್ಟಿ ಇಲ್ಲದಿದ್ದರೆ ರೇಷ್ಮೆಯೂ ಇಲ್ಲ, ದಾರಿಯೂ ಇಲ್ಲ. ನಮ್ಮ ಚಾಲಕ ನಿಲ್ಲಿಸಲು ಇಷ್ಟಪಡಲಿಲ್ಲ, 'ಅಲ್ಲೇನಿದೆ' ಅಂದ. ಹೊರಡುವ ಮುಂಚೆಯೇ ಹೇಳಿ ಒಪ್ಪಿಸಿಕೊಳ್ಳಿ. ನೀವು ರೈಲಿನಲ್ಲೇ ಹೋಗುವುದಾದರೆ ಒಂದು ಮಾತು: ಬುಖಾರಾ ನಿಲ್ದಾಣ ಊರಲ್ಲಿಲ್ಲ, ಹತ್ತು–ಹದಿನೈದು ಕಿಲೋಮೀಟರ್ ದೂರದ ಕಾಗಾನಿನಲ್ಲಿದೆ. ಆ್ಯಪಿನಲ್ಲಿ ಟ್ಯಾಕ್ಸಿ ಕರೆಯಿರಿ, ಬಾಗಿಲಲ್ಲಿ ಕೂಗುವವರ ಜೊತೆ ಚೌಕಾಸಿ ಬೇಡ.

ಬುಖಾರಾಗೆ ಮೂರು ದಿನ ಇಡಿ. ಸಮರ್ಕಂದಿಗೆ ಎರಡು ಸಾಕು. ಹಳೆ ಊರೊಳಗೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ, ಅಲ್ಲೇ ರೂಮು ಮಾಡಿ.

ಆಗ ಬುಖಾರಾದಿಂದ ಆಳುತ್ತಿದ್ದ ಸಾಮಾನಿ ವಂಶದವರ ಗೋರಿಗುಡಿ ಹತ್ತನೇ ಶತಮಾನದ್ದು. ಒಂದು ಪಾರ್ಕಿನಲ್ಲಿದೆ, ದೊಡ್ಡದಲ್ಲ, ಬಣ್ಣವೂ ಇಲ್ಲ. ಬರೀ ಇಟ್ಟಿಗೆ. ಅದನ್ನೇ ಅಡ್ಡ, ಉದ್ದ, ಓರೆ ಇಟ್ಟು ಬುಟ್ಟಿ ಹೆಣೆದ ಹಾಗೆ ಹೆಣೆದಿದ್ದಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ, ನೆರಳು ಸರಿದರೆ ಗೋಡೆಯೇ ಬೇರೆ ಆಗುತ್ತದೆ. ಮಂಗೋಲರು ಬಂದಾಗ ಇದು ಮಣ್ಣಿನಲ್ಲಿ ಹೂತಿತ್ತು, ಹಾಗಾಗಿ ಉಳಿಯಿತು ಅನ್ನುತ್ತಾರೆ. ಸಾಮಾನಿಗಳ ಬೆಳ್ಳಿ ನಾಣ್ಯಗಳು ಎಲ್ಲಿ ಸಿಕ್ಕಿವೆ ಗೊತ್ತಾ? ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಹೊಲಗಳಲ್ಲಿ, ರಾಶಿ ರಾಶಿ. ವೋಲ್ಗಾ ನದಿಯ ದಾರಿಯಲ್ಲಿ ಬೆಳ್ಳಿ ಉತ್ತರಕ್ಕೆ ಹೋಯಿತು. ತುಪ್ಪಳ, ಜೇನುಮೇಣ ಇತ್ತ ಬಂದವು, ಗುಲಾಮರೂ ಬಂದರು. ಕೊನೆಯ ಮಾತನ್ನು ನಮ್ಮ ಗೈಡ್ ಹೇಳಲಿಲ್ಲ. 1127ರ ಕಲ್ಯಾಣ್ ಮಿನಾರನ್ನು ಹೇಗೂ ನೋಡೇ ನೋಡುತ್ತೀರಿ, ಸುಮಾರು 46 ಮೀಟರ್ ಎತ್ತರ ಇದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾಗೋಕಿ ಅತ್ತೋರಿ ಮಸೀದಿ. ರಸ್ತೆಯಿಂದ ನೋಡಿದರೆ ಅರ್ಧ ಕಟ್ಟಡ ಹಳ್ಳದಲ್ಲಿದೆ. ಅದೇನೂ ಕುಸಿದಿದ್ದಲ್ಲ, ಊರೇ ಸುತ್ತ ಏರಿದ್ದು. ಮೆಟ್ಟಿಲಿಳಿದು ದಕ್ಷಿಣದ ಬಾಗಿಲ ಹತ್ತಿರ ಹೋದರೆ 12ನೇ ಶತಮಾನದ ನೆಲದಲ್ಲಿ ನಿಂತಿರುತ್ತೀರಿ. ಹೆಸರಿನಲ್ಲೇ ಎಲ್ಲ ಇದೆ: ಮಾಗೋಕ್ ಅಂದರೆ ಹಳ್ಳ, ಅತ್ತೋರಿ ಅಂದರೆ ನಮ್ಮ ಅತ್ತರು. ಅತ್ತರು, ಮಸಾಲೆ ಮಾರುವವರ ಮಸೀದಿ. ಅದರ ಅಡಿಯಲ್ಲಿ ಇನ್ನೂ ಹಳೆಯ ಗುಡಿಯ ಕುರುಹು ಸಿಕ್ಕಿದೆ. ಇದೇ ಜಾಗದ ಸಂತೆಯಲ್ಲಿ ವರ್ಷಕ್ಕೆ ಎರಡು ಸಲ ವಿಗ್ರಹ ಮಾರುತ್ತಿದ್ದರು, ಒಂದೇ ದಿನಕ್ಕೆ 50,000 ದಿರ್ಹಮಿಗಿಂತ ಜಾಸ್ತಿ ವ್ಯಾಪಾರ ಅಂತ ಹತ್ತನೇ ಶತಮಾನದ ಇತಿಹಾಸಕಾರ ನರ್ಶಖಿ ಬರೆದಿದ್ದಾನೆ. ಊರಿನ ಯಹೂದಿಗಳು ತಮ್ಮ ಸಿನಗಾಗ್ ಕಟ್ಟುವ ಮುಂಚೆ ಇದೇ ಮಸೀದಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು ಅನ್ನುವುದು ಅಲ್ಲಿನವರ ಮಾತು. ಅಲ್ಲಿಂದ ಎರಡು ಹೆಜ್ಜೆಗೆ ತೋಕಿ ಸರ್ರಾಫೋನ್, ಹಣ ಬದಲಾಯಿಸುವವರ ಗುಮ್ಮಟ. ನಮ್ಮ ಸರಾಫ ಬಜಾರಿನ ಸರಾಫರೇ. ಈ ಕಟ್ಟಡ 16ನೇ ಶತಮಾನದ್ದು. ಈಗ ಅಲ್ಲಿ ಫ್ರಿಜ್ ಮ್ಯಾಗ್ನೆಟ್ ಮಾರುತ್ತಾರೆ.

ದುಡ್ಡಿನ ವಿಷಯ. ಒಂದು ರೂಪಾಯಿಗೆ ಸುಮಾರು 150 ಸೋಮ್ ಸಿಗುತ್ತಿತ್ತು, ಕ್ಷಣದಲ್ಲಿ ಲಕ್ಷಾಧಿಪತಿ ಆಗುತ್ತೀರಿ. ಡಾಲರ್ ನೋಟು ಮಡಿಕೆ, ಕಲೆ ಇಲ್ಲದವೇ ಇರಲಿ. ಹೋಟೆಲಿನವರು ನೋಂದಣಿ ಚೀಟಿ ಕೊಟ್ಟರೆ ಕೊನೆವರೆಗೂ ಇಟ್ಟುಕೊಳ್ಳಿ.

ಊಟ. ಅಕ್ಕ ಶುದ್ಧ ಸಸ್ಯಾಹಾರಿ. ಕಷ್ಟ ಇದೆ, ಸುಳ್ಳು ಹೇಳಲ್ಲ. ಪಲಾವಿನಲ್ಲಿ ಮಾಂಸ, ಸೂಪಿನಲ್ಲಿ ಮಾಂಸ. 'ಮಾಂಸ ಬೇಡ' ಅಂದರೆ ತುಂಡು ತೆಗೆದು ಉಳಿದದ್ದನ್ನು ಬಡಿಸುತ್ತಾರೆ. 'ಗೋಶ್ತ್‌ಸಿಜ್' ಅಂದರೆ ಮಾಂಸವಿಲ್ಲದ್ದು, ಈ ಪದ ಕಲಿತುಕೊಳ್ಳಿ. 'ಸಬ್ಜಿ' ಅಂದರೆ ಅಲ್ಲಿ ಕ್ಯಾರೆಟ್, ಮೋಸ ಹೋಗಬೇಡಿ. ಕುಂಬಳಕಾಯಿ ತುಂಬಿದ ಸೋಮ್ಸಾ ಸಿಗುತ್ತದೆ, ಆದರೆ ಅದಕ್ಕೂ ಕೆಲವರು ಕುರಿಕೊಬ್ಬು ಹಾಕುತ್ತಾರೆ, ಕೇಳಿ ತಿನ್ನಿ. ಟೊಮೇಟೊ–ಈರುಳ್ಳಿ ಸಲಾಡ್, ಮೊಸರು, ದ್ರಾಕ್ಷಿ, ಕರಬೂಜ ಎಲ್ಲ ಕಡೆ ಇವೆ. ಮತ್ತೆ ನಾನ್, ಅಲ್ಲಿ 'ನೋನ್': ಗುಂಡಗೆ, ನಡುವೆ ಅಚ್ಚು ಒತ್ತಿದ ರೊಟ್ಟಿ. ಅದನ್ನು ಬೋರಲು ಇಡಬೇಡಿ, ನೆಲಕ್ಕೆ ಹಾಕಬೇಡಿ, ಮನೆಯವರಿಗೆ ಬೇಜಾರಾಗುತ್ತದೆ.

ಅಕ್ಕ ಮನೆಯಿಂದ ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ತಂದಿದ್ದಳು. ಒಂಬತ್ತು ದಿನ ಅದೂ ನೋನ್ ರೊಟ್ಟಿಯೂ ಸೇರಿ ಅವಳ ಊಟ. ಬುಖಾರಾದಲ್ಲಿ ನಾವಿದ್ದ ಮನೆಯ ಅಜ್ಜಿ ದಿನಾ ಬೆಳಿಗ್ಗೆ ಆ ಡಬ್ಬಿಯನ್ನೇ ನೋಡುತ್ತಿದ್ದರು. ಎರಡನೇ ದಿನ ಅಕ್ಕ ಒಂದು ಚಿಟಿಕೆ ಕೈಗೆ ಹಾಕಿದಳು. ಅಜ್ಜಿ ನಾಲಿಗೆಗೆ ಇಟ್ಟು, ಕಣ್ಣರಳಿಸಿ, ಹಸಿರು ಚಹಾ ಒಂದೇ ಗುಟುಕಿಗೆ ಕುಡಿದು, ಮತ್ತೆ ಕೈ ಚಾಚಿದರು. ಹೊರಡುವ ದಿನ ಉಳಿದದ್ದನ್ನೆಲ್ಲ ಅವರ ಬಟ್ಟಲಿಗೆ ಸುರಿದು ಕೊಟ್ಟೆವು. ಅವರು ಖಾಲಿ ಡಬ್ಬಿ ವಾಪಸ್ ಕೊಡಲಿಲ್ಲ. ಒಳಗೆ ಹೋಗಿ ತೊಳೆದು, ಒರೆಸಿ, ಒಣ ಏಪ್ರಿಕಾಟ್ ಒತ್ತಿ ಒತ್ತಿ ತುಂಬಿ, ಮುಚ್ಚಳ ಸರಿಯಾಗಿ ಕೂರದೇ ಇದ್ದಾಗ ಮೇಲೆ ದಾರ ಕಟ್ಟಿ ಅಕ್ಕನ ಕೈಗಿಟ್ಟರು.