ಗ್ಲೆನ್‌ನನ್ನು ಎರಡು ಸಲ ಸಾಯಿಸಿದರು

ರಾತ್ರಿ ಎರಡೂವರೆಗೆ ಒಮ್ಮೆ ಕಬ್ಬಿನ ಯಾರ್ಡಿಗೆ ಬಂದು ನೋಡಿ. ಎತ್ತಿನ ಗಾಡಿ, ಟ್ರ್ಯಾಕ್ಟರ್ ಎಲ್ಲ ಸಾಲಾಗಿ ನಿಂತಿರುತ್ತವೆ. ಗಾಡಿಯವರು ಗಾಡಿ ಕೆಳಗೇ ಕಂಬಳಿ ಹೊದ್ದು ಮಲಗಿರುತ್ತಾರೆ. ಮಂಜು ಬೇರೆ. ಸಾಲು ಮುಂದೆ ಹೋಯ್ತು ಅಂತ ಯಾರೋ ಕೂಗುತ್ತಾರೆ. ಆಗ ಒಬ್ಬೊಬ್ಬರೇ ಏಳುತ್ತಾರೆ. ಕಣ್ಣು ಅರ್ಧ ಮುಚ್ಚಿಕೊಂಡು, ಜೋಮು ಹಿಡಿದ ಕಾಲು ಎಳೆದುಕೊಂಡು, ತೂರಾಡುತ್ತಾ ನಮ್ಮ ಲ್ಯಾಬಿನ ದೀಪದ ಕಡೆಗೇ ಬರುತ್ತಾರೆ. ಬೆಂಕಿಪೊಟ್ಟಣ ಕೇಳೋಕೆ.

ದಿನಾ ಇದನ್ನೇ ನೋಡುತ್ತಿದ್ದವನಿಗೆ, ಸತ್ತವರು ಎದ್ದು ತೂರಾಡುತ್ತಾ ಬರುವ 'ದಿ ವಾಕಿಂಗ್ ಡೆಡ್' ಅನ್ನೋ ಟಿವಿ ಸೀರಿಯಲ್ ಹುಚ್ಚು ಹಿಡಿಯೋದು ಏನು ಮಹಾ?

ನಾನು ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬ್ ಕೆಮಿಸ್ಟ್. ಸೇರಿದ್ದು 2014ರಲ್ಲಿ. ನೈಟ್ ಶಿಫ್ಟ್ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ. ಗಂಟೆಗೊಮ್ಮೆ ಮಿಲ್ಲಿನಿಂದ ಕಬ್ಬಿನ ಹಾಲಿನ ಸ್ಯಾಂಪಲ್ ಬರುತ್ತೆ. ಬ್ರಿಕ್ಸ್ (ಹಾಲಲ್ಲಿ ಕರಗಿರೋದು ಒಟ್ಟು ಎಷ್ಟು) ನೋಡಿ, ಪೋಲ್ (ಅದರಲ್ಲಿ ಸಕ್ಕರೆ ಎಷ್ಟು) ನೋಡಿ, ರಿಜಿಸ್ಟರಿಗೆ ಬರೆದರೆ ಮುಂದಿನ ಸ್ಯಾಂಪಲ್ ತನಕ ನಲವತ್ತು ನಿಮಿಷ ಖಾಲಿ. ಆ ಸೀರಿಯಲ್‌ನ ಒಂದು ಎಪಿಸೋಡ್ ಕೂಡ ಜಾಹೀರಾತು ಬಿಟ್ಟರೆ ಹೆಚ್ಚೂಕಮ್ಮಿ ಅಷ್ಟೇ. ಯಾರೋ ಅಳತೆ ತೆಗೆದು ಹೊಲಿದ ಹಾಗಿತ್ತು.

ನೋಡುತ್ತಿದ್ದವರು ಮೂವರು. ನಾನು, ಪೆನ್‌ಡ್ರೈವ್ ತರುತ್ತಿದ್ದ ಸ್ಯಾಂಪಲ್ ಹುಡುಗ, ಮತ್ತೆ ಟೀ ಕುಡಿಯೋಕೆ ಅಂತ ಬಂದು ಕೂರುತ್ತಿದ್ದ ಕ್ರೇನ್ ಆಪರೇಟರ್. ಅವರಿಗೆ ಆಗಲೇ ಐವತ್ತು ದಾಟಿತ್ತು. ನಾವೆಲ್ಲ ಕ್ರೇನಣ್ಣ ಅಂತಿದ್ವಿ. ಅವರಿಗೆ ಇಂಗ್ಲಿಷ್ ಬರಲ್ಲ. ಸ್ಯಾಂಪಲ್ ಹುಡುಗ ಪಕ್ಕದಲ್ಲಿ ಕೂತು ಹೇಳುತ್ತಿದ್ದ. ಎರಡು ನಿಮಿಷದ ಡೈಲಾಗ್ ಮುಗಿದ ಮೇಲೆ, "ಅವ್ನು ಹೋಗಣ ಅಂತಾನೆ, ಇವ್ಳು ಬ್ಯಾಡ ಅಂತಾಳೆ" ಅಂತ. ಯೋಚನೆ ಮಾಡಿದರೆ ಹನ್ನೊಂದು ಸೀಸನ್ನಿನ ಅರ್ಧ ಕಥೆ ಅದೇ ಅಲ್ವಾ.

ಅಮೆರಿಕದಲ್ಲಿ ಎಎಂಸಿ ಚಾನೆಲ್ ಇದನ್ನು ಶುರು ಮಾಡಿದ್ದು 2010ರ ಅಕ್ಟೋಬರ್ 31ಕ್ಕೆ. ಮೂಲ ರಾಬರ್ಟ್ ಕಿರ್ಕ್‌ಮನ್ ಬರೆದ ಕಾಮಿಕ್ಸ್. ಮೊದಲ ಸೀಸನ್ ಬರೀ ಆರು ಎಪಿಸೋಡು. ನಾವು ಒಂದನೇ ಎಪಿಸೋಡ್ ಹಾಕಿಕೊಂಡು ಕೂರುವ ಹೊತ್ತಿಗೆ ಅಲ್ಲಿ ಐದನೇ ಸೀಸನ್ ಶುರುವಾಗಿ, ಅದರ ಮೊದಲ ದಿನವೇ 1.7 ಕೋಟಿ ಜನ ನೋಡಿದ್ದರು. ಆ ಸೀರಿಯಲ್ ಅದಕ್ಕಿಂತ ಮೇಲೆ ಮತ್ತೆ ಹತ್ತಲಿಲ್ಲ. ನಮಗೆ ಅದೆಲ್ಲ ಗೊತ್ತಿರಲಿಲ್ಲ. ಹಿಂದಿನದನ್ನೆಲ್ಲ ಮುಗಿಸಿ ಅವರನ್ನು ಹಿಡಿಯಬೇಕು ಅನ್ನೋದೊಂದೇ ಹಟ.

ಸತ್ತು ಎದ್ದವರಿಗೆ ಜಾಂಬಿ ಅನ್ನೋ ಪದ ಅಲ್ಲಿನ ಪಾತ್ರಗಳ ಬಾಯಲ್ಲಿ ಬರೋದೇ ಇಲ್ಲ ಅನ್ನಬಹುದು. ವಾಕರ್ಸ್ ಅಂತಾರೆ. ನನ್ನ ಹೆಂಡತಿ ಮೈಸೂರಿನವಳು. ಮಾವ ಇಪ್ಪತ್ತು ವರ್ಷದಿಂದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ಆರಕ್ಕೆ ವಾಕ್ ಮಾಡುವವರು. "ವಾಕರ್ಸ್ ಗುಂಪು ಬಂತು, ಓಡಿ" ಅಂತ ನಾನು ಒಮ್ಮೆ ಮನೆಯಲ್ಲಿ ಹೇಳಿ, ಆಮೇಲೆ ಮಾವನಿಗೆ ಸಮಜಾಯಿಷಿ ಕೊಡಬೇಕಾಯಿತು.

ಕ್ರೇನಣ್ಣನಿಗೆ ಮೊದಲ ದಿನವೇ ಹಿಡಿಸಿದ್ದು ಗ್ಲೆನ್. ಹೀರೋ ರಿಕ್ ಕುದುರೆ ಮೇಲೆ ಅಟ್ಲಾಂಟಾಕ್ಕೆ ಹೋಗಿ, ಸತ್ತವರ ಗುಂಪಿಗೆ ಸಿಕ್ಕಿ, ಒಂದು ಮಿಲಿಟರಿ ಟ್ಯಾಂಕ್ ಒಳಗೆ ತೂರಿಕೊಳ್ಳುತ್ತಾನೆ. ಆಚೆ ಬರೋಕೆ ದಾರಿ ಇಲ್ಲ. ಆಗ ರೇಡಿಯೋದಲ್ಲಿ ಒಬ್ಬ ಹುಡುಗ ಅವನನ್ನು ಬೈಯುತ್ತಾನೆ. ಅದೇ ಗ್ಲೆನ್. ಮೊದಲು ಪಿಜ್ಜಾ ಡೆಲಿವರಿ ಮಾಡುತ್ತಿದ್ದವನು, ಆ ಊರಿನ ಸಂದಿಗೊಂದಿ ಎಲ್ಲ ಅವನಿಗೆ ಗೊತ್ತು. ಕ್ರೇನಣ್ಣನ ಮಗ ಬೆಂಗಳೂರಿನಲ್ಲಿ ಬೈಕ್ ಮೇಲೆ ಪಾರ್ಸಲ್ ಹಂಚುತ್ತಿದ್ದ. "ನಮ್ ಹೈದನೂ ಹಿಂಗೇ ಕಣಪ್ಪ. ಮ್ಯಾಪ್ ಬ್ಯಾಡ ಅವುನ್ಗೆ" ಅಂದರು. ಅಲ್ಲಿಂದ ಮುಂದೆ ಬಂದು ಕೂತ ಕೂಡಲೇ ಕೇಳುತ್ತಿದ್ದದ್ದು ಒಂದೇ. "ಪಿಜ್ಜಾ ಹೈದ ಅವ್ನಾ?"

ಎರಡನೇ ಸೀಸನ್ ನಿಧಾನ, ಬರೀ ತೋಟದ ಮನೆಯಲ್ಲಿ ಕೂತು ಮಾತಾಡ್ತಾರೆ ಅಂತ ಅಲ್ಲಿ ತುಂಬ ಜನ ಗೊಣಗಿದ್ದರಂತೆ. ನಾನು ಇದನ್ನು ಒಪ್ಪಲ್ಲ. ಸೋಫಿಯಾ ಅನ್ನೋ ಪುಟ್ಟ ಹುಡುಗಿ ಕಾಡಿನಲ್ಲಿ ತಪ್ಪಿಸಿಕೊಳ್ಳುತ್ತಾಳೆ. ಎಪಿಸೋಡ್ ಮೇಲೆ ಎಪಿಸೋಡ್ ಹುಡುಕುತ್ತಾರೆ. ಅವರಿಗೆ ಜಾಗ ಕೊಟ್ಟ ರೈತ ಹರ್ಷಲ್, ಸತ್ತು ಎದ್ದವರನ್ನು ಕಾಯಿಲೆಯವರು ಅಂದುಕೊಂಡು ತನ್ನ ಕೊಟ್ಟಿಗೆಯಲ್ಲಿ ಕೂಡಿಹಾಕಿರುತ್ತಾನೆ. ಏಳನೇ ಎಪಿಸೋಡಿನ ಕೊನೆಗೆ ಆ ಬಾಗಿಲು ಒಡೆದು, ಬಂದವರನ್ನೆಲ್ಲ ಹೊಡೆದು ಕೆಡವಿ, ಎಲ್ಲ ಮುಗೀತು ಅನ್ನುವಾಗ ಒಳಗಿಂದ ಕೊನೆಯದಾಗಿ ಒಂದು ಪುಟ್ಟ ಕಾಲು ಆಚೆ ಬರುತ್ತೆ. ಸೋಫಿಯಾ. ಅಷ್ಟು ದಿನದಿಂದ ಅಲ್ಲೇ ಇದ್ದಳು. ಕ್ರೇನಣ್ಣ ಟೀ ಲೋಟ ಹಿಡಿದು ಎದ್ದು ನಿಂತರು. ಆರು ಎಪಿಸೋಡ್ ನಿಧಾನ ಮಾಡದೆ ಆ ಒಂದು ಕಾಲು ಅಷ್ಟು ಭಾರ ಆಗುತ್ತಿರಲಿಲ್ಲ.

ನಾಲ್ಕನೇ ಸೀಸನ್ನಿನ 'ದಿ ಗ್ರೋವ್' ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಿಲ್ಲ. ಲಿಝಿ ಅನ್ನೋ ಹುಡುಗಿ, ಸತ್ತವರು ಸತ್ತಿಲ್ಲ, ಬರೀ ಬದಲಾಗಿದ್ದಾರೆ ಅಂತ ನಂಬಿ, ತೋರಿಸೋಕೆ ಅಂತ ತನ್ನ ತಂಗಿಯನ್ನೇ ಕೊಲ್ಲುತ್ತಾಳೆ. ಆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕ್ಯಾರಲ್ ಅವಳನ್ನು ಹೂವು ನೋಡು ಅಂತ ನಿಲ್ಲಿಸಿ ಹಿಂದಿನಿಂದ ಗುಂಡು ಹೊಡೆಯುತ್ತಾಳೆ. ಆ ರಾತ್ರಿ ನಾಲ್ಕು ಗಂಟೆಯ ಸ್ಯಾಂಪಲ್ ಇಪ್ಪತ್ತು ನಿಮಿಷ ತಡ. ರಿಜಿಸ್ಟರಿನಲ್ಲಿ ಪಂಪ್ ತೊಂದರೆ ಅಂತ ಬರೆದೆ.

ಇಲ್ಲೊಂದು ಮಾತು ಹೇಳಬೇಕು. ಕಬ್ಬಿನವರಿಗೆ ಬರಗಾಲ ಸಹಿಸೋದು ಗೊತ್ತು, ದುಡ್ಡು ಬಾಕಿ ಇದ್ದರೂ ಸಹಿಸುತ್ತಾರೆ. ತೂಕದಲ್ಲಿ ಮೋಸ ಅಂದರೆ ಮಾತ್ರ ರಕ್ತ ಕುದಿಯುತ್ತೆ. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಒಂದು ಲೋಡನ್ನು ಮೊದಲು ಹೊರಗೆ ತೂಗಿಸಿ, ಆಮೇಲೆ ಒಂದು ಕಡೆ ಕೊಟ್ಟರು. ಎರಡು ಚೀಟಿಗೂ ಆರು ಕ್ವಿಂಟಾಲ್ ವ್ಯತ್ಯಾಸ. ಅಪ್ಪ ಜಗಳ ಮಾಡಲಿಲ್ಲ. ಆ ಎರಡು ಚೀಟಿ ಮಡಿಸಿ ದೇವರ ಮನೆಯ ಪಂಚಾಂಗದೊಳಗೆ ಇಟ್ಟರು. ಆ ವೇಬ್ರಿಡ್ಜ್ ಕಡೆ ಮತ್ತೆ ಗಾಡಿ ತಿರುಗಿಸಲಿಲ್ಲ.

2015ರಲ್ಲಿ, ಆರನೇ ಸೀಸನ್ನಿನ ಮೂರನೇ ಎಪಿಸೋಡಿನಲ್ಲಿ, ಗ್ಲೆನ್ ಒಂದು ಕಸದ ತೊಟ್ಟಿಯ ಮೇಲಿಂದ ಸತ್ತವರ ಗುಂಪಿನೊಳಗೆ ಬೀಳುತ್ತಾನೆ. ಮೇಲಿಂದ ತೋರಿಸಿದಾಗ ಕರುಳು ಕೀಳುತ್ತಿರುವುದು ಅವನದೇ ಅನ್ನಿಸುತ್ತೆ. ಮುಂದಿನ ವಾರ ಟೈಟಲ್ ಕಾರ್ಡಿನಿಂದ ನಟ ಸ್ಟೀವನ್ ಯೂನ್ ಹೆಸರೂ ಮಾಯ. ಕ್ರೇನಣ್ಣ ಎರಡು ದಿನ ಲ್ಯಾಬ್ ಕಡೆ ಬರಲಿಲ್ಲ. ನಾಲ್ಕು ವಾರ ಬಿಟ್ಟು ಏಳನೇ ಎಪಿಸೋಡಿನಲ್ಲಿ ನೋಡಿದರೆ, ಮೇಲೆ ಬಿದ್ದಿದ್ದದ್ದು ಇನ್ನೊಬ್ಬನ ಹೆಣ. ಗ್ಲೆನ್ ತೊಟ್ಟಿಯ ಕೆಳಗೆ ತೆವಳಿ ಬದುಕಿದ್ದ. ಸ್ಯಾಂಪಲ್ ಹುಡುಗ ಕುಣಿದಾಡಿದ. ಕ್ರೇನಣ್ಣನ ಮುಖ ಅರಳಿತು, ಆದರೆ ಪೂರ್ತಿ ಅರಳಲಿಲ್ಲ. "ಬದುಕವ್ನೆ, ಸಂತೋಸ. ಆದ್ರೆ ಹೆಸ್ರು ಯಾಕ್ ತೆಗುದ್ರು?" ಅಂದರು. ಅದೇ ಪ್ರಶ್ನೆ ಅಮೆರಿಕದವರೂ ಕೇಳುತ್ತಿದ್ದರು.

ಮುಂದಿನ ಏಪ್ರಿಲ್‌ನಲ್ಲಿ ಆರನೇ ಸೀಸನ್ ಮುಗಿದ ರೀತಿ ಇನ್ನೂ ಕೆಟ್ಟದ್ದು. ನೀಗನ್ ಅನ್ನೋ ಖಳ ನಮ್ಮ ರಿಕ್ ಗುಂಪಿನವರನ್ನೆಲ್ಲ ಮಂಡಿಯೂರಿಸಿ, ಮುಳ್ಳುತಂತಿ ಸುತ್ತಿದ ಬ್ಯಾಟಿನಿಂದ ಒಬ್ಬರಾದ ಮೇಲೆ ಒಬ್ಬರನ್ನು ತೋರಿಸಿ ಎಣಿಸುತ್ತಾನೆ. ಬ್ಯಾಟ್ ಬೀಸುತ್ತಾನೆ. ಪರದೆ ಕಪ್ಪು. ಸತ್ತದ್ದು ಯಾರು ಅಂತ ತಿಳಿಯೋಕೆ ಅಕ್ಟೋಬರ್ 23ರ ತನಕ ಕಾಯಬೇಕು. ಸೋಫಿಯಾಗೆ ಕಾಯಿಸಿದ್ದು ಕಥೆ, ಇದು ಗೇಟು ಹಾಕಿ ನಿಲ್ಲಿಸಿದ್ದು.

ಆ ವರ್ಷ ನಮ್ಮ ಕಡೆ ಹೇಗಿತ್ತು ಅಂತ ಮಂಡ್ಯದವರಿಗೆ ನೆನಪಿರುತ್ತೆ. ಕೆಆರ್‌ಎಸ್ ಬತ್ತಿತ್ತು. ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ. ಒಂದು ಬೆಳಗ್ಗೆ ಶಿಫ್ಟ್ ಮುಗಿಸಿ ಬೈಕ್ ತಳ್ಳಿಕೊಂಡು ಮೈಸೂರು ರಸ್ತೆಗೆ ಬಂದರೆ, ಒಂದು ವಾಹನ ಇಲ್ಲ. ಟೈರು ಸುಟ್ಟ ಕಪ್ಪು ಗುರುತು, ಅಡ್ಡ ಇಟ್ಟ ಕಲ್ಲು, ಮಧ್ಯದಲ್ಲಿ ಒಂದು ನಾಯಿ. ರಿಕ್ ಅಟ್ಲಾಂಟಾ ಹೆದ್ದಾರಿಯಲ್ಲಿ ಒಬ್ಬನೇ ಕುದುರೆ ಮೇಲೆ ಹೋಗುವ ಪೋಸ್ಟರ್ ಇದೆಯಲ್ಲ, ಅದೇ. ಖುಷಿ ಆಗಲಿಲ್ಲ. ಬೇಗ ಮನೆ ಸೇರಿದರೆ ಸಾಕು ಅನ್ನಿಸಿತು.

ಏಳನೇ ಸೀಸನ್ನಿನ ಮೊದಲ ಎಪಿಸೋಡ್ ನೋಡಿದ್ದು ಅದಾಗಿ ತಿಂಗಳಿಗೆ, ದೀಪಾವಳಿಗೆ ಮುಂಚೆ. ಬ್ಯಾಟಿನ ಏಟು ಮೊದಲು ಬಿದ್ದದ್ದು ಗುಂಪಿನ ಏಬ್ರಹಾಮ್‌ಗೆ. ಅಬ್ಬ ಅಂದುಕೊಂಡ್ವಿ. ಆಮೇಲೆ ಗುಂಪಿನ ಇನ್ನೊಬ್ಬ, ಡ್ಯಾರಿಲ್, ಎದ್ದು ನೀಗನ್‌ಗೆ ಒಂದು ಗುದ್ದಿದ. ಅದಕ್ಕೆ ಶಿಕ್ಷೆ ಗ್ಲೆನ್‌ಗೆ. ಏಟಿಗೆ ಕಣ್ಣುಗುಡ್ಡೆ ಆಚೆ ಬಂದರೂ ಅವನು ಹೆಂಡತಿ ಮ್ಯಾಗಿ ಹೆಸರು ಹಿಡಿದು ಏನೋ ಹೇಳೋಕೆ ನೋಡುತ್ತಾನೆ. ನಿನ್ನನ್ನು ಹುಡುಕಿಕೊಂಡು ಬರ್ತೀನಿ ಅಂತ. ಸ್ಯಾಂಪಲ್ ಹುಡುಗ ಅರ್ಥ ಹೇಳಲಿಲ್ಲ. ಕ್ರೇನಣ್ಣ ಕೇಳಲೂ ಇಲ್ಲ. ಲೋಟ ತೊಳೆದು ಬೋರಲು ಹಾಕಿ, ಬಾಗಿಲ ಹತ್ತಿರ ನಿಂತು ಅಂದರು, "ಎರಡ್ ಸಲ ಸಾಯ್ಸುದ್ರಲ್ಲಪ್ಪ."

ಕಾಮಿಕ್ಸ್ ಓದಿದವರಿಗೆ ಇದು 2012ರಲ್ಲೇ ಗೊತ್ತಿತ್ತು. 100ನೇ ಸಂಚಿಕೆಯಲ್ಲಿ ಗ್ಲೆನ್ ಹೀಗೇ ಸಾಯುತ್ತಾನೆ. ಹಿಂಸೆ ಅತಿಯಾಯಿತು ಅಂತ ಅಲ್ಲಿ ದೊಡ್ಡ ಗಲಾಟೆ ಆಯಿತು. ಆ ರಾತ್ರಿ 1.7 ಕೋಟಿ ಜನ ನೋಡಿದ್ದರು, ಮುಂದಿನ ವಾರವೇ ಅದು ಸುಮಾರು 1.25 ಕೋಟಿಗೆ ಇಳಿಯಿತು. 2022ರ ನವೆಂಬರ್‌ನಲ್ಲಿ 177ನೇ ಎಪಿಸೋಡಿನೊಂದಿಗೆ ಮುಗಿದಾಗ ನೋಡಿದವರು 20 ಲಕ್ಷ ಚಿಲ್ಲರೆ. ರಕ್ತ ಕಂಡು ಹೋದರು ಅಂತಾರೆ. ಆರು ವರ್ಷ ರಕ್ತ ನೋಡಿಕೊಂಡೇ ಊಟ ಮಾಡಿದ ಜನ ಅವರು. ನನಗನ್ನಿಸೋದು, ಅವರೂ ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡಿದ್ದಾರೆ.

ನಾನು ಮಾತ್ರ ಬಿಡಲಿಲ್ಲ. ನಾಚಿಕೆ ಇಲ್ಲದವನು. ಹತ್ತನೇ ಸೀಸನ್ನಿನ ಕೊನೆ ಎಪಿಸೋಡ್ 2020ರ ಏಪ್ರಿಲ್‌ನಲ್ಲಿ ಬರಬೇಕಿತ್ತು. ಕೊರೊನಾ ಬಂದು ಎಡಿಟಿಂಗ್ ಕೆಲಸವೇ ನಿಂತು ಅಕ್ಟೋಬರ್‌ಗೆ ಹೋಯಿತು. ಲೋಕ ಮುಳುಗಿದ ಕಥೆಗೇ ಲಾಕ್‌ಡೌನ್!

ಆಗ ಊರಲ್ಲಿದ್ದೆ. ಹೊತ್ತು ಹೋಗದೆ ಅಪ್ಪನ ಜೊತೆ ಎರಡನೇ ಸೀಸನ್ ಮತ್ತೆ ಹಾಕಿದೆ. ಅದರಲ್ಲೊಂದು ಬಾವಿ ಬರುತ್ತೆ. ಒಳಗೆ ನೀರು ಕುಡಿದು ಊದಿಕೊಂಡ ವಾಕರ್. ನೀರು ಕೆಡಬಾರದು ಅಂತ ಗ್ಲೆನ್‌ಗೆ ಹಗ್ಗ ಕಟ್ಟಿ ಎರೆಹುಳದ ಹಾಗೆ ಇಳಿಸಿ, ಅದಕ್ಕೆ ಕುಣಿಕೆ ಹಾಕಿಸಿ ಎಳೆಯುತ್ತಾರೆ. ಬಾಯಿಗೆ ಬರೋ ಹೊತ್ತಿಗೆ ಅದು ನಡುವೆ ಹರಿದು ಅರ್ಧ ಮತ್ತೆ ಬಾವಿಗೆ ಬೀಳುತ್ತೆ. ಅಪ್ಪ ತಲೆ ಚಚ್ಚಿಕೊಂಡರು. "ಅಷ್ಟ್ ದೊಡ್ ಜಮೀನು, ಮನೇಲಿ ಒಂದು ಪಾತಾಳಗರಡಿ ಇಲ್ವೇನ್ಲಾ?" ಅಂದರು. ಬಿಂದಿಗೆ ಬಿದ್ದರೆ ಎತ್ತುವ ಆ ಕೊಕ್ಕೆಗಳ ಗೊಂಚಲು ನಮ್ಮ ಅಟ್ಟದಲ್ಲಿ ಈಗಲೂ ಇದೆ, ತುಕ್ಕು ಹಿಡಿದು. ಇನ್ನೊಂದು ಕೇಳಿದರು. "ಇವ್ರು ಎರಡ್ ವಾರದಿಂದ ಮಗು ಹುಡುಕ್ತಾವ್ರೆ, ಹಸು ಹಾಲ್ ಕರೆಯೋರ್ ಯಾರು?" ಆ ಸೀಸನ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಈ ಪ್ರಶ್ನೆ ಎಲ್ಲೂ ಸಿಕ್ಕಿಲ್ಲ.

2024ರ ಫೆಬ್ರವರಿಯಲ್ಲಿ ರಿಕ್ ಮತ್ತೆ ಬಂದ. 'ದಿ ಒನ್ಸ್ ಹೂ ಲಿವ್' ಅಂತ ಅದೇ ಕಥೆಯ ಮುಂದುವರಿಕೆ, ಆರೇ ಎಪಿಸೋಡು. ಸ್ಯಾಂಪಲ್ ಹುಡುಗ ಈಗ ಬೇರೆ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್, ಅವನೇ ಫೋನ್ ಮಾಡಿ ಹೇಳಿದ. ನಾನು ಯಾರ್ಡಿಗೆ ಹೋದೆ. ಕ್ರೇನಣ್ಣನಿಗೆ ರಿಟೈರ್ ಆಗೋಕೆ ಕೆಲವೇ ತಿಂಗಳಿತ್ತು. ಕ್ಯಾಬಿನ್ ಕೆಳಗೆ ನಿಂತು, ಮಿಲ್ಲಿನ ಸದ್ದಿನಲ್ಲಿ ಕೂಗಿ ಹೇಳಿದೆ.

"ಕ್ರೇನಣ್ಣ, ರಿಕ್ ವಾಪಸ್ ಬಂದವ್ನಂತೆ!"

ಅವರು ಕಿಟಕಿಯಿಂದ ತಲೆ ಹಾಕಿದರು. "ಪಿಜ್ಜಾ ಹೈದ?"

"ಇಲ್ಲ."

"ಹಂಗಾದ್ರೆ ಬುಡು" ಅಂದು ಲಿವರ್ ಎಳೆದರು. ಒಂದು ಗಾಡಿ ಕಬ್ಬು ಹಾಗೇ ಮೇಲೆದ್ದಿತು.